ನಿಮಗಿದು ಗೊತ್ತೆ? ಒಂದೇ ಸಂಖ್ಯೆಯ ಭಾಷಣ

ಸೋನಿಯ ಪ್ಲೇಸ್ಟೇಷನ್ ಹುಟ್ಟಿದ್ದು ಮುರಿದುಬಿದ್ದ ಒಪ್ಪಂದದಿಂದ. ನಿಂಟೆಂಡೊದ ಗೇಮ್ ಯಂತ್ರಕ್ಕೆ ಸೋನಿ ಸಿ.ಡಿ. ಸಾಧನ ಸಿದ್ಧಪಡಿಸುತ್ತಿದ್ದಾಗಲೇ, 1991ರಲ್ಲಿ ನಿಂಟೆಂಡೊ ಏಕಾಏಕಿ ಫಿಲಿಪ್ಸ್ ಜತೆ ಕೈಜೋಡಿಸಿತು. ಸೋನಿ ಸ್ವಂತ ಕನ್ಸೋಲ್ ತಯಾರಿಕೆಗೆ ಇಳಿಯಿತು.

1995ರ ಮೇ ತಿಂಗಳಲ್ಲಿ ಲಾಸ್ ಏಂಜಲೀಸ್‌ನ ಇ3 ವಿಡಿಯೊ ಗೇಮ್ ಮೇಳದಲ್ಲಿ ಸೋನಿಯ ಪ್ರತಿಸ್ಪರ್ಧಿ ಸೆಗಾ ಕಂಪನಿ, ಸೆಪ್ಟೆಂಬರ್‌ಗೆ ನಿಗದಿಯಾಗಿದ್ದ ತನ್ನ 399 ಡಾಲರಿನ ಸ್ಯಾಟರ್ನ್ ಕನ್ಸೋಲ್ ಆಗಲೇ ಮಾರಾಟಕ್ಕಿದೆ ಎಂದು ಸಾರಿತು. ಈ ಅವಸರವೇ ಮುಳುವಾಯಿತು. ಸರಕು ಮುಟ್ಟಿದ್ದು ಆಯ್ದ ಮಳಿಗೆಗಳಿಗಷ್ಟೇ. ಉಳಿದ ವರ್ತಕರು ಮುನಿಸಿಕೊಂಡರು. ಆಟಗಳೂ ಬೆರಳೆಣಿಕೆಯಷ್ಟಿದ್ದವು. ಮೇಳದಲ್ಲಿ ಅದೇ ದಿನ ಸೋನಿಯ ಸ್ಟೀವ್ ರೇಸ್ ವೇದಿಕೆಗೆ ಬಂದು ‘299’ ಎಂದಷ್ಟೇ ಹೇಳಿ ಇಳಿದರು. ಅದು ಡಾಲರ್‌ಗಳಲ್ಲಿ ಪ್ಲೇಸ್ಟೇಷನ್‌ನ ಬೆಲೆ. ಸಭೆಯಲ್ಲಿ ಚಪ್ಪಾಳೆ ಮೊಳಗಿತು. ಪ್ಲೇಸ್ಟೇಷನ್ ಜಗತ್ತಿನಾದ್ಯಂತ 10 ಕೋಟಿಗೂ ಹೆಚ್ಚು ಬಿಕರಿಯಾಯಿತು. ಸೆಗಾ 2001ರಲ್ಲಿ ಕನ್ಸೋಲ್ ತಯಾರಿಕೆಯನ್ನೇ ಕೈಬಿಟ್ಟಿತು.