ತಲೆಯ ಮೇಲಿನ ಉಕ್ಕಿನ ಪಾತ್ರೆ

ಸಂತೆಯಲ್ಲಿ ಪಾತ್ರೆ ಕೊಳ್ಳುವಾಗ ನಾವು ಏನು ಮಾಡುತ್ತೇವೆ? ಬೆರಳಿನಿಂದ ತಟ್ಟಿ ನೋಡುತ್ತೇವೆ. ಅಂಚಿನ ಮೇಲೆ ಕೈ ಆಡಿಸುತ್ತೇವೆ. ಬೋರಲು ಹಾಕಿ ತಳ ನೋಡುತ್ತೇವೆ. ಹಳೆಯ ಸೈನಿಕರ ಹೆಲ್ಮೆಟ್ ಕೂಡಿಡುವವರೂ ಹೀಗೇ ನೋಡುತ್ತಾರೆ.

ಸ್ಕೂಟರಿನವರ ಹೆಲ್ಮೆಟ್ ನೀವು ನೋಡಿದ್ದೀರಿ. ಇದು ಯುದ್ಧದ ಹೆಲ್ಮೆಟ್. ಉಕ್ಕಿನದು. ಇವುಗಳಲ್ಲಿ ಅಮೆರಿಕದ ಒಂದು ಹೆಲ್ಮೆಟ್ ಬಹಳ ಪ್ರಸಿದ್ಧ. ಅದರ ಹೆಸರು ಎಂ-1.

ಎರಡನೇ ಮಹಾಯುದ್ಧದ ಕಾಲ. 1941ರಲ್ಲಿ ಅಮೆರಿಕದ ಸೈನ್ಯ ಇದನ್ನು ಆರಿಸಿಕೊಂಡಿತು. 1945ರ ಹೊತ್ತಿಗೆ 2 ಕೋಟಿ 20 ಲಕ್ಷಕ್ಕೂ ಹೆಚ್ಚು ತಯಾರಾದವು. ಇದಕ್ಕೆ ಎರಡು ಪದರ. ಹೊರಗೆ ಸುಮಾರು 1 ಕಿಲೋ ತೂಕದ ಉಕ್ಕಿನ ಚಿಪ್ಪು. ಒಳಗೆ ಹಗುರವಾದ ಇನ್ನೊಂದು ಟೋಪಿ. ಬಾಂಬು ಸಿಡಿದಾಗ ಹಾರುವ ಚೂರುಗಳಿಂದ ತಲೆ ಉಳಿಯಲಿ ಅಂತ ಮಾಡಿದ್ದು. ರೈಫಲ್ ಗುಂಡು ಹತ್ತಿರದಿಂದ ನೇರ ಬಡಿದರೆ ತಡೆಯುತ್ತಿರಲಿಲ್ಲ.

ಹೊರಗಿನ ಚಿಪ್ಪು ಬಿಚ್ಚಿದರೆ ಅದೊಂದು ಪಾತ್ರೆಯೇ ಸರಿ! ಸೈನಿಕರು ಅದರಲ್ಲಿ ನೀರು ತುಂಬಿ ಮುಖ ತೊಳೆದರು. ಕ್ಷೌರ ಮಾಡಿಕೊಂಡರು. ಬಟ್ಟೆ ಒಗೆದರು. ಯುದ್ಧದಲ್ಲಿ ಸೋತ ಜರ್ಮನಿಯ ಕಥೆ ಇನ್ನೂ ಬೇರೆ. 1945ರ ನಂತರ ಅಲ್ಲಿ ಪಾತ್ರೆಗಳಿಗೆ ಬರ. ತಮ್ಮ ಸೈನಿಕರ ಹೆಲ್ಮೆಟ್‌ಗೆ ತೂತು ಕೊರೆದು, ಹಿಡಿ ಹಚ್ಚಿ, ಬಸಿಯುವ ಜರಡಿ ಮಾಡಿದರು. ಅಂಥವು ಈಗ ಅಲ್ಲಿನ ಮ್ಯೂಸಿಯಮ್‌ಗಳಲ್ಲಿವೆ.

ಎಂ-1 ಹೆಲ್ಮೆಟ್ ಯಾವ ವರ್ಷದ್ದು ಅಂತ ತಿಳಿಯುವುದು ಹೇಗೆ? ಮೊದಲು ಅಂಚು ನೋಡಬೇಕು. ಸುತ್ತಲೂ ಒಂದು ಪಟ್ಟಿ ಇರುತ್ತದೆ. ಅದರ ಬೆಸುಗೆ ಹಣೆಯ ಕಡೆ ಇದ್ದರೆ ಮೊದಲಿನದು. 1944ರ ಕೊನೆಯಿಂದ ಬೆಸುಗೆ ಹಿಂದಕ್ಕೆ ಹೋಯಿತು. ಆಮೇಲೆ ಗದ್ದದ ಪಟ್ಟಿ ಸಿಕ್ಕಿಸುವ ಕೊಂಡಿ. ಮೊದಮೊದಲು ಕೊಂಡಿ ಅಲುಗಾಡುತ್ತಿರಲಿಲ್ಲ. ಕೆಳಗೆ ಬಿದ್ದರೆ ಮುರಿಯುತ್ತಿತ್ತು. ಅದಕ್ಕೇ 1943ರಲ್ಲಿ ಅತ್ತಿತ್ತ ಆಡುವ ಕೊಂಡಿ ಬಂತು. ಒಳಗಡೆ ನಂಬರಿನ ಮುದ್ರೆಯೂ ಇರುತ್ತದೆ. ನಂಬರಿನ ಜೊತೆ ಇಂಗ್ಲಿಷಿನ 'ಎಸ್' ಅಕ್ಷರ ಬೇರೆಯಾಗಿ ಒತ್ತಿದ್ದರೆ ಅದು ಷ್ಲೂಟರ್ ಕಂಪನಿಯದು.

ಇಲ್ಲೂ ಮೋಸ ಉಂಟು. ಯುದ್ಧ ಮುಗಿದ ಮೇಲೆ ಬೆಲ್ಜಿಯಂ, ಹಾಲೆಂಡ್ ದೇಶಗಳೂ ಇದೇ ಆಕಾರದ ಹೆಲ್ಮೆಟ್ ಮಾಡಿದವು. ಅವನ್ನು ಯುದ್ಧಕಾಲದ್ದು ಅಂತ ಮಾರುವವರಿದ್ದಾರೆ. ಹೊಸದನ್ನು ಮಣ್ಣಲ್ಲಿ ಹೂತು, ತುಕ್ಕು ಹಿಡಿಸಿ, ಹಳೆಯದು ಅನ್ನುವವರೂ ಇದ್ದಾರೆ. ತುಕ್ಕು ನೋಡಿ ದುಡ್ಡು ಕೊಡಬಾರದು. ಬೆಸುಗೆ, ಕೊಂಡಿ, ನಂಬರು ಮೂರೂ ಒಂದೇ ಕಾಲ ಹೇಳಬೇಕು.

ಕೊಳೆಯಾದ ಪಾತ್ರೆ ಕಂಡರೆ ನಮಗೆ ಕೈ ತಡೆಯದು. ಹುಣಸೆಹಣ್ಣು ಹಾಕಿ ತಿಕ್ಕಿಬಿಡುತ್ತೇವೆ. ಹಳೆಯ ಹೆಲ್ಮೆಟ್ಟನ್ನು ಮಾತ್ರ ತಿಕ್ಕಲೇಬಾರದು. ಒಣ ಬಟ್ಟೆಯಿಂದ ಧೂಳು ಒರೆಸಿದರೆ ಸಾಕು. ಯಾಕೆ ಗೊತ್ತೇ? ನಾವು ಪಾತ್ರೆಗೆ ಹೆಸರು ಹಾಕಿಸುತ್ತೇವಲ್ಲ, ಹಾಗೆ ಎಷ್ಟೋ ಸೈನಿಕರು ಒಳಗಡೆ ತಮ್ಮ ಹೆಸರನ್ನೋ ನಂಬರನ್ನೋ ಬಣ್ಣದಲ್ಲಿ ಬರೆದಿದ್ದರು. ತಿಕ್ಕಿದರೆ ಅದು ಅಳಿಸಿ ಹೋಗುತ್ತದೆ. ಅಂಥ ಹೆಸರಿನ ಜಾಡು ಹಿಡಿದು, ಎಷ್ಟೋ ವರ್ಷದ ಮೇಲೆ, ಹೆಲ್ಮೆಟ್ಟನ್ನು ಆ ಸೈನಿಕನ ಮನೆಯವರಿಗೆ ಮುಟ್ಟಿಸಿದವರೂ ಇದ್ದಾರೆ.