ಮಲಗಿದ ಜನರೇಟರನ್ನು ಎಬ್ಬಿಸುವ ಬಗೆ

ಕುಂಭಕರ್ಣನನ್ನು ನಿದ್ದೆಯಿಂದ ಎಬ್ಬಿಸಲು ರಾವಣನ ಕಡೆಯವರು ಪಟ್ಟ ಪಾಡು ಎಲ್ಲರಿಗೂ ತಿಳಿದದ್ದೇ. ಭೇರಿ ಬಾರಿಸಿದರು, ಶಂಖ ಊದಿದರು, ಆನೆಗಳನ್ನು ಮೈಮೇಲೆ ನಡೆಸಿದರು. ಆತನಿಗಾದರೂ ಆರು ತಿಂಗಳ ನಿದ್ದೆ ಎಂಬ ಲೆಕ್ಕವಿತ್ತು. ಮಹಡಿಯ ಮೆಟ್ಟಿಲ ಕೆಳಗೆ ಹಳೆಯ ಜಮಖಾನ ಹೊದ್ದು ಎರಡು ವರ್ಷಗಳಿಂದ ಮಲಗಿರುವ ಪೆಟ್ರೋಲ್ ಜನರೇಟರಿಗೆ ಅಂತಹ ಲೆಕ್ಕವೇನೂ ಇಲ್ಲ. ವಿದ್ಯುತ್ ಕಡಿತದ ಕಾಟ ತಾಳಲಾರದೆ ಕೊಂಡದ್ದು; ಮಗಳ ನಿಶ್ಚಿತಾರ್ಥದ ದಿನ ಒಮ್ಮೆ ಓಡಿ ಮನೆಯವರ ಮಾನ ಉಳಿಸಿದ್ದು; ಇನ್‌ವರ್ಟರ್ ಮನೆಗೆ ಬಂದಂದಿನಿಂದ ಅದನ್ನು ಕೇಳುವವರೇ ಇಲ್ಲ.

ನೆನಪು ಬರುವುದು ಮಳೆಗಾಲದ ರಾತ್ರಿಯಲ್ಲಿ. ಬೀದಿಯ ಮರವೊಂದು ತಂತಿಯ ಮೇಲೆ ಒರಗುತ್ತದೆ, ಬಡಾವಣೆಯೆಲ್ಲ ಕತ್ತಲಾಗುತ್ತದೆ, ಇನ್‌ವರ್ಟರಿನ ಬ್ಯಾಟರಿ ನಡುರಾತ್ರಿಯವರೆಗೆ ಹೇಗೋ ಏಗಿ ಕೈಚೆಲ್ಲುತ್ತದೆ. ಮನೆಯಲ್ಲಿ ಆಮ್ಲಜನಕದ ಯಂತ್ರವನ್ನು ಆಶ್ರಯಿಸಿರುವ ವೃದ್ಧರಿದ್ದರೆ, ಫ್ರಿಜ್ಜಿನಲ್ಲಿ ಇನ್ಸುಲಿನ್ ಇದ್ದರೆ, ಅದು ಬರಿಯ ಸೆಕೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ೨೦೧೮ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜಾರಿ ಕಂಬಗಳು ಉರುಳಿದಾಗ ಎಷ್ಟೋ ಮನೆಗಳು ದಿನಗಟ್ಟಲೆ ಕತ್ತಲಲ್ಲಿ ಕಳೆಯಬೇಕಾಯಿತು. ಇಂತಹ ಹೊತ್ತಿನಲ್ಲಿ ಮನೆಯ ಯಜಮಾನರು ಟಾರ್ಚನ್ನು ಕಂಕುಳಲ್ಲಿ ಇರುಕಿಕೊಂಡು ಜನರೇಟರಿನ ಹಗ್ಗ ಎಳೆಯುತ್ತಾರೆ. ಹತ್ತು ಬಾರಿ, ಇಪ್ಪತ್ತು ಬಾರಿ. ಯಂತ್ರ ಒಮ್ಮೆ ಕೆಮ್ಮಿ ಸುಮ್ಮನಾಗುತ್ತದೆ. ಪಕ್ಕದ ಮನೆಯವರು ಬಂದು ಸಲಹೆ ಕೊಡುತ್ತಾರೆ. ಸಲಹೆಗೆ ಪೆಟ್ರೋಲು ಬೇಕಿಲ್ಲವಷ್ಟೆ!

ಆಗ ಯಂತ್ರವನ್ನು ಶಪಿಸುವುದು ಅನ್ಯಾಯ. ಬಹುಪಾಲು ಪ್ರಸಂಗಗಳಲ್ಲಿ ಕೆಟ್ಟಿರುವುದು ಅದರ ಹೊಟ್ಟೆಯಲ್ಲಿ ಉಳಿದ ಪೆಟ್ರೋಲು. ಪೆಟ್ರೋಲೆಂಬುದು ಒಂದೇ ವಸ್ತುವಲ್ಲ. ಬಗೆಬಗೆಯ ಹೈಡ್ರೋಕಾರ್ಬನ್ನುಗಳ ಮಿಶ್ರಣ. ಅವುಗಳಲ್ಲಿ ಹಗುರವಾದವು ಬೇಗ ಆವಿಯಾಗತಕ್ಕವು. ತಣ್ಣಗಿರುವ ಎಂಜಿನ್ನಿನಲ್ಲಿ ಮೊದಲ ಕಿಡಿಗೆ ಹೊತ್ತಿಕೊಳ್ಳುವವು ಅವೇ. ತಿಂಗಳುಗಟ್ಟಲೆ ತೊಟ್ಟಿಯಲ್ಲಿ ನಿಂತಾಗ ಮೊದಲು ಹಾರಿಹೋಗುವವೂ ಅವೇ. ಉಳಿದದ್ದು ಗಾಳಿಯ ಆಮ್ಲಜನಕದೊಡನೆ ಕೂಡಿ ಮೆಲ್ಲಮೆಲ್ಲನೆ ಅಂಟಾಗುತ್ತದೆ. ಕಾರ್ಬ್ಯುರೇಟರಿನ ತಳದ ಬಟ್ಟಲಿನಲ್ಲಿ ನಾಲ್ಕಾರು ಚಮಚೆಯಷ್ಟು ಪೆಟ್ರೋಲು ಮಾತ್ರ ನಿಲ್ಲುವುದರಿಂದ ಅಲ್ಲಿ ಈ ಕೆಲಸ ಇನ್ನೂ ಬೇಗ ನಡೆಯುತ್ತದೆ. ಆ ಬಟ್ಟಲಿನಿಂದ ಇಂಧನವನ್ನು ಮೇಲಕ್ಕೆ ಬಿಡುವ ‘ಜೆಟ್’ ಎಂಬ ಹಿತ್ತಾಳೆಯ ತುಣುಕಿನ ರಂಧ್ರ ಒಂದು ಮಿಲಿಮೀಟರಿಗಿಂತಲೂ ಕಿರಿದು. ವಾರ್ನಿಷಿನಂತಹ ಒಂದು ಪೊರೆ ಕಟ್ಟಿದರೆ ಸಾಕು, ದಾರಿ ಮುಚ್ಚಿತು. ಮೂರು ತಿಂಗಳು ಮೀರಿ ನಿಂತ ಪೆಟ್ರೋಲನ್ನು ನಂಬದಿರುವುದೇ ಲೇಸು.

ಈಚಿನ ವರ್ಷಗಳಲ್ಲಿ ಇನ್ನೊಂದು ಕಾರಣವೂ ಸೇರಿಕೊಂಡಿದೆ. ಕಬ್ಬು, ಧಾನ್ಯ ಮೊದಲಾದವುಗಳಿಂದ ಬಟ್ಟಿಯಿಳಿಸಿದ ಎಥೆನಾಲನ್ನು ನೂರಕ್ಕೆ ೨೦ರ ಪ್ರಮಾಣದಲ್ಲಿ ಬೆರೆಸಿದ ಪೆಟ್ರೋಲಿಗೆ ಚಾಲನೆ ದೊರೆತದ್ದು ಬೆಂಗಳೂರಿನಲ್ಲಿಯೇ, ೨೦೨೩ರ ಫೆಬ್ರವರಿ ೬ರಂದು. ೨೦೨೫ರ ಹೊತ್ತಿಗೆ ದೇಶದ ಬಂಕುಗಳಲ್ಲಿ ಅದೇ ಸಾಮಾನ್ಯ ಪೆಟ್ರೋಲಾಯಿತು. ರೈತನಿಗೂ ದೇಶದ ಬೊಕ್ಕಸಕ್ಕೂ ಇದರಿಂದಾಗುವ ಲಾಭನಷ್ಟದ ಚರ್ಚೆ ಬೇರೆ. ಮಲಗಿದ ಯಂತ್ರದ ಮಟ್ಟಿಗೆ ಹೇಳುವುದಾದರೆ, ಎಥೆನಾಲಿಗೆ ನೀರೆಂದರೆ ಬಲು ಪ್ರೀತಿ. ಗಾಳಿಯ ತೇವವನ್ನು ಅದು ಹೀರಿಕೊಳ್ಳುತ್ತದೆ. ನೀರು ಒಂದು ಮಿತಿಯನ್ನು ಮೀರಿತೆಂದರೆ ಎಥೆನಾಲೂ ನೀರೂ ಜೊತೆಗೂಡಿ ಪೆಟ್ರೋಲನ್ನು ತೊರೆದು ತಳಕ್ಕಿಳಿಯುತ್ತವೆ. ಎಂಜಿನ್ನಿಗೆ ಇಂಧನ ಒಯ್ಯುವ ನಲ್ಲಿ ಇರುವುದೂ ತಳದಲ್ಲಿಯೇ. ಯಜಮಾನರು ಪೆಟ್ರೋಲೆಂದು ಭಾವಿಸಿ ಎಂಜಿನ್ನಿಗೆ ಕುಡಿಸುತ್ತಿರುವುದು ನೀರುಬೆರೆತ ಮದ್ಯಸಾರವನ್ನು!

ಆದಕಾರಣ ಯಂತ್ರವನ್ನು ಎಬ್ಬಿಸುವ ಕೆಲಸಕ್ಕೆ ಹಗಲು ಹೊತ್ತೇ ತಕ್ಕದ್ದು. ಅದನ್ನು ಬಯಲಿಗೆ ತಂದು, ಬೆಂಕಿಯ ಸುಳಿವಿಲ್ಲದ ಕಡೆ ಸಮತಟ್ಟಾದ ನೆಲದಲ್ಲಿ ಇಡಬೇಕು. ಹಗ್ಗಕ್ಕೆ ಕೈಹಾಕುವ ಮೊದಲು ಗಾಳಿಶೋಧಕದ ಮುಚ್ಚಳ ತೆಗೆದು ನೋಡುವುದು ಜಾಣತನ. ಇಲಿರಾಯರು ಅಲ್ಲಿ ಸಂಸಾರ ಹೂಡಿರುವುದುಂಟು, ತಂತಿಯ ಹೊದಿಕೆಯನ್ನು ಕಡಿದಿರುವುದೂ ಉಂಟು. ಬಳಿಕ ಎಣ್ಣೆ. ೨ ಕಿಲೋವಾಟಿನ ಸಾಮಾನ್ಯ ಯಂತ್ರಕ್ಕೆ ಸುಮಾರು ೬೦೦ ಮಿಲಿಲೀಟರು ಎಂಜಿನ್ ಎಣ್ಣೆ ಹಿಡಿಸುತ್ತದೆ. ವರ್ಷಗಟ್ಟಲೆ ನಿಂತ ಎಣ್ಣೆಯನ್ನು ಬದಲಿಸಿಬಿಡುವುದೇ ಮೇಲು. ಇಲ್ಲೊಂದು ಸ್ವಾರಸ್ಯವಿದೆ. ಅನೇಕ ಯಂತ್ರಗಳಲ್ಲಿ ಎಣ್ಣೆ ಕಡಿಮೆಯಾದರೆ ಕಿಡಿಯನ್ನೇ ತಡೆಯುವ ಕಾವಲುಗಾರನೊಬ್ಬನಿರುತ್ತಾನೆ. ಯಂತ್ರ ಓರೆಯಾಗಿ ನಿಂತಿದ್ದರೂ ಆತ ಎಣ್ಣೆಯಿಲ್ಲವೆಂದೇ ತಿಳಿಯುತ್ತಾನೆ. ಅರ್ಧ ದಿನ ಹಗ್ಗ ಎಳೆದು ತೋಳು ನೋಯಿಸಿಕೊಂಡವರ ಯಂತ್ರವನ್ನು ಮೆಕ್ಯಾನಿಕ್ ಬಂದು ನೆಟ್ಟಗೆ ನಿಲ್ಲಿಸಿ ಒಂದೇ ಎಳೆತಕ್ಕೆ ಓಡಿಸಿ ತೋರಿಸುವ ಚಮತ್ಕಾರದ ಗುಟ್ಟು ಬಹಳ ಸಲ ಇಷ್ಟೆ.

ತೊಟ್ಟಿಯ ಹಳೆಯ ಪೆಟ್ರೋಲನ್ನು ಪೂರ್ತಿ ತೆಗೆಯಬೇಕು. ಚರಂಡಿಗೆ ಚೆಲ್ಲದೆ, ಮುಚ್ಚಳವುಳ್ಳ ಡಬ್ಬಿಯಲ್ಲಿ ಹಿಡಿದು ಗ್ಯಾರೇಜಿನವರಿಗೆ ಒಪ್ಪಿಸಬೇಕು. ಕಾರ್ಬ್ಯುರೇಟರಿನ ಬಟ್ಟಲಿನ ಕೆಳಗೆ ಒಂದು ಸಣ್ಣ ತಿರುಪು ಇರುತ್ತದೆ. ಅದನ್ನು ಸಡಿಲಿಸಿದರೆ ಅಲ್ಲಿ ನಿಂತದ್ದೂ ಹೊರಬರುತ್ತದೆ. ಬಂದದ್ದು ಚಹದ ಕಷಾಯದ ಬಣ್ಣಕ್ಕೆ ತಿರುಗಿ, ಬಣ್ಣದಂಗಡಿಯ ವಾಸನೆ ಹೊಡೆಯುತ್ತಿದ್ದರೆ ರೋಗ ಎಲ್ಲಿದೆಯೆಂದು ತಿಳಿದಂತಾಯಿತು. ಹೊಸ ಪೆಟ್ರೋಲು ಹಾಕಿ, ನಲ್ಲಿ ತಿರುಗಿಸಿ, ಚೋಕ್ ಮುಚ್ಚಿ, ಹಗ್ಗವನ್ನು ಮೊದಲು ನಿಧಾನವಾಗಿ ಎಳೆಯಬೇಕು. ಬಿಗಿ ತಗಲಿದ ಮೇಲೆ ಹಗ್ಗವನ್ನು ಹಿಂದಕ್ಕೆ ಬಿಟ್ಟು ಒಂದೇ ಉಸಿರಿಗೆ ಚುರುಕಾಗಿ ಎಳೆಯುವುದು. ಹಗ್ಗ ಕದಲುವುದೇ ಇಲ್ಲವೆಂದರೆ ಬಲಪ್ರಯೋಗ ಕೂಡದು; ಸ್ಪಾರ್ಕ್ ಪ್ಲಗ್ಗನ್ನು ಕಳಚಿ, ಆ ರಂಧ್ರದಲ್ಲಿ ಒಂದು ಚಮಚೆ ಎಣ್ಣೆ ಬಿಟ್ಟು ರಾತ್ರಿಯೆಲ್ಲ ಹಾಗೆಯೇ ಇರಿಸಿದರೆ ತುಕ್ಕಿನಿಂದ ಹಿಡಿದ ಪಿಸ್ಟನ್ ಸಡಿಲವಾಗುವುದುಂಟು. ಪ್ಲಗ್ಗಿನ ತುದಿ ಕಪ್ಪಾಗಿದ್ದರೆ ಹೊಸದನ್ನೇ ಹಾಕುವುದು. ಕಿಡಿ ಹಾರುವ ಸಂದು ೦.೭ರಿಂದ ೦.೮ ಮಿಲಿಮೀಟರು.

ಇಷ್ಟಾದ ಮೇಲೆ ಹೊತ್ತಿಕೊಂಡ ಎಂಜಿನ್ನು ಏದುಸಿರು ಬಿಡುವಂತೆ ಏರುತ್ತ ಇಳಿಯುತ್ತ ಓಡಿದರೆ, ಅಥವಾ ಚೋಕ್ ತೆಗೆದೊಡನೆ ನಿಂತರೆ, ಜೆಟ್ಟಿನಲ್ಲಿ ಅಂಟು ಉಳಿದಿದೆಯೆಂದೇ ಬಹುಮಟ್ಟಿಗೆ ಅರ್ಥ. ಅದನ್ನು ಬಿಚ್ಚಿ ತೊಳೆಯಬೇಕು, ಗಾಳಿ ಊದಬೇಕು. ಹೊಲಿಗೆಯ ಸೂಜಿಯಿಂದ ತಿವಿಯುವ ಉತ್ಸಾಹ ಬೇಡ. ಮೆತ್ತನೆಯ ಹಿತ್ತಾಳೆಯ ರಂಧ್ರ ಅಗಲವಾದರೆ ಅಲ್ಲಿಂದ ಮುಂದೆ ಯಂತ್ರಕ್ಕೆ ಅಜೀರ್ಣವೇ ಗತಿ. ಹಿಂದೆ ಕೊಂಡ ಸೀಮೆಎಣ್ಣೆಯ ಯಂತ್ರಗಳದ್ದು ಇನ್ನೊಂದು ಕಥೆ. ಅವು ಪೆಟ್ರೋಲಿನಿಂದ ಹೊರಟು ಸೀಮೆಎಣ್ಣೆಯಲ್ಲಿ ಓಡತಕ್ಕವು. ನಿಲ್ಲಿಸುವ ಮುನ್ನ ಪುನಃ ಪೆಟ್ರೋಲಿಗೆ ತಿರುಗಿಸಲು ಮರೆತವರು ಮುಂದಿನ ಸಲ ಹಗ್ಗದೊಡನೆ ಸೆಣಸಬೇಕಾಗುತ್ತಿತ್ತು.

ಎಂಜಿನ್ನು ಸೊಗಸಾಗಿ ಓಡುತ್ತಿದ್ದರೂ ದೀಪ ಹತ್ತದಿರುವ ವಿಚಿತ್ರವೂ ಉಂಟು. ೧೮೩೧ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ ತತ್ತ್ವ ಅಯಸ್ಕಾಂತವಿಲ್ಲದೆ ನಡೆಯದು. ೧೯೦೨ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿಸಿದ ಭಾರಿ ಯಂತ್ರಗಳಿಗೂ ಮೆಟ್ಟಿಲ ಕೆಳಗಿನ ಈ ಮರಿಗೂ ತತ್ತ್ವ ಒಂದೇ. ಅನೇಕ ಚಿಕ್ಕ ಜನರೇಟರುಗಳು ತಮ್ಮ ಕಬ್ಬಿಣದಲ್ಲಿ ಉಳಿದಿರುವ ಅಲ್ಪ ಕಾಂತತ್ವವನ್ನು ಬಂಡವಾಳವಾಗಿಟ್ಟುಕೊಂಡು ವಿದ್ಯುತ್ತನ್ನು ಬೆಳೆಸಿಕೊಳ್ಳುತ್ತವೆ. ಬಹುಕಾಲ ಸುಮ್ಮನಿದ್ದರೆ ಆ ಬಂಡವಾಳ ಕರಗುವುದುಂಟು. ಬ್ಯಾಟರಿಯಿಂದ ಕ್ಷಣಕಾಲ ವಿದ್ಯುತ್ತು ಹಾಯಿಸಿ ಅದನ್ನು ಮರಳಿ ತುಂಬುವ ಉಪಾಯವಿದೆಯಾದರೂ ಅದು ಬಲ್ಲ ಮೆಕ್ಯಾನಿಕನ ಕೆಲಸ.

ಯಂತ್ರ ಎದ್ದಿತೆಂಬ ಸಂಭ್ರಮದಲ್ಲಿ ಮರೆಯಲೇಬಾರದ ಎರಡು ಸಂಗತಿಗಳಿವೆ. ಯಂತ್ರ ಏಳದಿದ್ದರೆ ಆಗುವ ಕಷ್ಟಕ್ಕಿಂತ ಎದ್ದ ಯಂತ್ರ ತರುವ ಕೇಡು ದೊಡ್ಡದಾಗಬಹುದು. ಮಳೆ ಬರುತ್ತಿದೆಯೆಂದು ಜನರೇಟರನ್ನು ಗ್ಯಾರೇಜಿನೊಳಗೋ ವರಾಂಡದಲ್ಲೋ ಓಡಿಸಿದರೆ ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ತುಂಬುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ೨೦೦ ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಅಪ್ಪಿಕೊಳ್ಳುತ್ತದೆ. ಮೊದಲು ತಲೆನೋವು, ಓಕರಿಕೆ, ಮಂಪರು. ಮಲಗಿದ್ದವರಿಗೆ ಅದೂ ತಿಳಿಯುವುದಿಲ್ಲ. ೨೦೨೦ರ ಆಗಸ್ಟಿನಲ್ಲಿ ಅಮೆರಿಕದ ಲೂಯಿಸಿಯಾನ ರಾಜ್ಯಕ್ಕೆ ‘ಲಾರಾ’ ಚಂಡಮಾರುತ ಬಡಿದಾಗ ಗಾಳಿಯ ಹೊಡೆತದಿಂದ ಪಾರಾದ ಹಲವರು ಬಳಿಕ ಜನರೇಟರಿನ ಈ ಅನಿಲಕ್ಕೆ ಬಲಿಯಾದರು. ಬಾಗಿಲು ಕಿಟಕಿಗಳಿಂದ ೨೦ ಅಡಿಯಾದರೂ ದೂರದಲ್ಲಿ, ಹೊಗೆಕೊಳವೆ ಮನೆಗೆ ಬೆನ್ನುಮಾಡಿರುವಂತೆ ಯಂತ್ರವನ್ನು ಇಡಬೇಕು. ಅಷ್ಟು ಬಯಲಿಲ್ಲದ ಫ್ಲ್ಯಾಟಿನವರಿಗೆ ಇದು ತಕ್ಕ ಯಂತ್ರವೇ ಅಲ್ಲ. ಬಾಲ್ಕನಿ ಎಷ್ಟೇ ವಿಶಾಲವಾಗಿದ್ದರೂ ಅದು ಬಯಲಲ್ಲ.

ಎರಡನೆಯದು ಪರರ ಪ್ರಾಣದ ಮಾತು. ಎರಡು ಕಡೆಯೂ ಮೂತಿಯುಳ್ಳ ತಂತಿಯಿಂದ ಜನರೇಟರನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಮನೆಗೆಲ್ಲ ಬೆಳಕು ಕೊಡುವ ಜಾಣರಿದ್ದಾರೆ. ಮೈನ್ ಸ್ವಿಚ್ಚನ್ನು ಆರಿಸಲು ಮರೆತರೆ ಆ ವಿದ್ಯುತ್ತು ಬೀದಿಗೆ ಹರಿದು, ಟ್ರಾನ್ಸ್‌ಫಾರ್ಮರನ್ನು ಹಿಂದುಮುಂದಾಗಿ ಹಾಯ್ದು, ಸಾವಿರಾರು ವೋಲ್ಟುಗಳಾಗಿ ಮೇಲಿನ ತಂತಿಗೆ ಏರಬಲ್ಲದು. ಲೈನು ಸತ್ತಿದೆಯೆಂದು ನಂಬಿ ಮಳೆಯಲ್ಲಿ ಕಂಬ ಹತ್ತಿರುವ ಲೈನ್‌ಮನ್ ಆ ತಂತಿಯನ್ನು ಮುಟ್ಟುತ್ತಾನೆ. ಯಾರ ಮನೆಯ ಫ್ಯಾನು ತಿರುಗುತ್ತಿದ್ದುದರಿಂದ ಆತ ಸತ್ತನೆಂದು ಆ ಮನೆಯವರಿಗೂ ತಿಳಿಯದು. ಎರಡರಲ್ಲಿ ಒಂದಕ್ಕೆ ಮಾತ್ರ ಸಂಬಂಧ ಕಲ್ಪಿಸುವ ಚೇಂಜ್‌ಓವರ್ ಸ್ವಿಚ್ಚನ್ನು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನನಿಂದ ಹಾಕಿಸುವವರೆಗೆ ಬೇಕಾದ ಉಪಕರಣವನ್ನು ನೇರವಾಗಿ ಜನರೇಟರಿಗೇ ಸಿಕ್ಕಿಸುವುದು ಕ್ಷೇಮ. ಬಿಸಿಯಾಗಿರುವ ಯಂತ್ರಕ್ಕೆ ಪೆಟ್ರೋಲು ಸುರಿಯಕೂಡದೆಂಬುದನ್ನು ಬೇರೆ ಹೇಳಬೇಕಿಲ್ಲ.

ಮತ್ತೆ ಯಂತ್ರವನ್ನು ಮಲಗಿಸುವ ವಿಷಯ. ತಿಂಗಳಿಗೊಮ್ಮೆ ಫ್ಯಾನು ದೀಪಗಳ ಹೊರೆ ಹೊರಿಸಿ ಕಾಲು ಗಂಟೆ ಓಡಿಸುವ ಶಿಸ್ತು ಇದ್ದವರಿಗೆ ಬೇರೆ ಉಪಚಾರ ಬೇಡ. ಆಗಾಗ ಹೊಸ ಪೆಟ್ರೋಲು ಬೆರೆಯುತ್ತಿದ್ದರಾಯಿತು. ಆ ಶಿಸ್ತು ತಮ್ಮಲ್ಲಿಲ್ಲವೆಂದು ಬಲ್ಲವರು—ಅಂಥವರೇ ಹೆಚ್ಚು—ತೊಟ್ಟಿಯನ್ನು ಬರಿದುಮಾಡಿ, ನಲ್ಲಿ ಮುಚ್ಚಿ, ತಾನಾಗಿ ನಿಲ್ಲುವವರೆಗೆ ಯಂತ್ರವನ್ನು ಓಡಿಸಬೇಕು. ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ಉಳಿದ ತೊಟ್ಟನ್ನೂ ತಿರುಪು ಸಡಿಲಿಸಿ ಬಿಡಬೇಕು. ಪ್ಲಗ್ಗಿನ ರಂಧ್ರದಲ್ಲಿ ಒಂದು ಚಮಚೆ ಎಣ್ಣೆ ಬಿಟ್ಟು ಹಗ್ಗವನ್ನು ಎರಡು ಮೂರು ಬಾರಿ ನಿಧಾನವಾಗಿ ಎಳೆದು, ಪ್ಲಗ್ಗನ್ನು ಮರಳಿ ಕೂರಿಸಿ, ಬಿಗಿ ತಗಲುವವರೆಗೆ ಇನ್ನೊಮ್ಮೆ ಎಳೆದು ಬಿಡುವುದು. ಆಗ ಕವಾಟಗಳೆರಡೂ ಮುಚ್ಚಿ, ಒಳಕ್ಕೆ ತೇವ ನುಗ್ಗುವುದು ತಪ್ಪುತ್ತದೆ. ಮೇಲೆ ಹೊದಿಸಲು ಹತ್ತಿಯ ಬಟ್ಟೆಯೇ ಆಗಬೇಕು. ಪ್ಲಾಸ್ಟಿಕ್ ಹಾಳೆಯ ಒಳಗೆ ತೇವ ಬೆವರಿ ನಿಂತು ತುಕ್ಕು ಹಿಡಿಸುತ್ತದೆ.