ಮೊಬೈಲ್ ಬಂತು, ಓದುವ ಜಾಗ ಬಂತೇ?



ಕೊರೋನಾ ಸಮಯದಲ್ಲಿ ನಿಮ್ಮಲ್ಲಿ ಎಷ್ಟೋ ಮಂದಿ ಸಂಘದಿಂದ ಸಾಲ ತೆಗೆದು ಮಕ್ಕಳಿಗೆ ಮೊಬೈಲ್ ಕೊಡಿಸಿದಿರಿ. ಕಂತು ಕಟ್ಟಿ ಸಾಲವನ್ನೂ ತೀರಿಸಿದಿರಿ. ಆದರೆ "ಸಿಸ್ಟರ್, ಮಗ ದೊಡ್ಡ ಕ್ಲಾಸಿಗೆ ಬಂದ, ಓದಲಿಕ್ಕೆ ಹೇಳಿದ್ರೆ ಈಗಲೂ ತಡವರಿಸ್ತಾನೆ" ಎಂಬ ಮಾತು ಸಭೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಇದು ಮಗುವಿನ ತಪ್ಪಲ್ಲ, ನಿಮ್ಮ ತಪ್ಪೂ ಅಲ್ಲ. ಆಗ ಏನಾಯಿತು ಎಂದು ತಿಳಿದುಕೊಂಡರೆ, ಈಗ ಏನು ಮಾಡಬಹುದು ಎಂಬುದೂ ತಿಳಿಯುತ್ತದೆ.

ಶಾಲೆ ಎಷ್ಟು ಕಾಲ ಮುಚ್ಚಿತ್ತು?

2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ನಮ್ಮ ರಾಜ್ಯದಲ್ಲಿ 1ರಿಂದ 5ನೇ ತರಗತಿಯ ಮಕ್ಕಳಿಗೆ ಶಾಲೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಅಂದರೆ ಸುಮಾರು 19 ತಿಂಗಳು! 2020ರಲ್ಲಿ ಒಂದನೇ ತರಗತಿಗೆ ಸೇರಿದ ಮಗು ತರಗತಿಯಲ್ಲಿ ಕೂರುವಷ್ಟರಲ್ಲಿ ಎರಡನೇ ತರಗತಿಯಲ್ಲಿತ್ತು. ಅಕ್ಷರ ಕೂಡಿಸಿ ಓದಲು ಕಲಿಯುವ ವರ್ಷವೇ ಕೈತಪ್ಪಿತು.

ಪಾಠ ಎಲ್ಲಿ ನಡೆಯಿತು?

ಚಂದನ ವಾಹಿನಿಯಲ್ಲಿ ಪಾಠ ಬಂತು. ಟೀಚರು ವಾಟ್ಸ್ಆ್ಯಪ್‌ನಲ್ಲಿ ನೋಟ್ಸ್ ಕಳಿಸಿದರು. ಮಗು ಅದನ್ನು ನೋಡಿ ಬರೆದು, ಫೋಟೋ ತೆಗೆದು ವಾಪಸ್ ಕಳಿಸಿತು. ಬರೆದದ್ದು ಅರ್ಥವಾಯಿತೇ ಎಂದು ಕೇಳುವವರು ಹತ್ತಿರ ಇರಲಿಲ್ಲ.

ಫೋನ್ ಇದ್ದರೂ ಎಲ್ಲರ ಕೈಗೆ ಸಿಗಲಿಲ್ಲ. ಗ್ರಾಮೀಣ ಭಾರತದಲ್ಲಿ ನಡೆಯುವ 'ಅಸರ್' ಸಮೀಕ್ಷೆಯ ಪ್ರಕಾರ, 2018ರಲ್ಲಿ ಶೇ. 36.5 ಮಕ್ಕಳ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು. 2021ರಲ್ಲಿ ಅದು ಶೇ. 67.6ಕ್ಕೆ ಏರಿತು. ಆದರೆ ಫೋನ್ ಇದ್ದ ಮನೆಯ ಮಕ್ಕಳಲ್ಲೂ ನಾಲ್ವರಲ್ಲಿ ಒಬ್ಬರಿಗೆ ಅದು ಓದಲು ಸಿಗಲೇ ಇಲ್ಲ. ಕಾರಣ ನಿಮಗೇ ಗೊತ್ತು: ಅಪ್ಪನ ಜೊತೆ ಕೆಲಸಕ್ಕೆ ಹೋದ ಫೋನ್ ರಾತ್ರಿ ಮನೆಗೆ ಬರುತ್ತಿತ್ತು. ಆಮೇಲೆ ಮೊದಲು ಮಗನ ಪಾಠ. ಮಗಳಿಗೆ ಪಾತ್ರೆ ತೊಳೆಯುವ ಕೆಲಸ.

ಇನ್ನು ನೆಟ್‌ವರ್ಕ್. 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನಲ್ಲಿ ರಸ್ತೆ ಬದಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಮಳೆಯಲ್ಲಿ ಕೊಡೆ ಹಿಡಿದು ನಿಂತ ಚಿತ್ರ ಪತ್ರಿಕೆಗಳಲ್ಲಿ ಬಂದಿತ್ತು. ಆ ಮಗಳಿಗೆ ಫೋನ್ ಇತ್ತು, ಕೂತು ಓದಲು ಜಾಗ ಇರಲಿಲ್ಲ.

ಯಾವುದು ಫಲ ಕೊಟ್ಟಿತು?

2020ರ ಆಗಸ್ಟ್‌ನಲ್ಲಿ ಸರ್ಕಾರ 'ವಿದ್ಯಾಗಮ' ಆರಂಭಿಸಿತು. ಟೀಚರುಗಳೇ ಊರಿಗೆ ಬಂದು ದೇವಸ್ಥಾನದ ಅಂಗಳ, ಮರದ ಕಟ್ಟೆ, ಸಮುದಾಯ ಭವನಗಳಲ್ಲಿ ಚಿಕ್ಕ ಗುಂಪುಗಳಿಗೆ ಕಲಿಸಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದು ನಿಂತಿತು. ಆದರೂ ಒಂದು ಪಾಠ ಉಳಿಯಿತು: ಮಗುವಿಗೆ ಕೂರಲು ಜಾಗ, ಗೊತ್ತಾದ ಸಮಯ, ಕೇಳಲು ಒಬ್ಬ ಮನುಷ್ಯ ಈ ಮೂರೂ ಬೇಕು. ಫೋನ್ ಪಾಠವನ್ನು ಮನೆಗೆ ತರುತ್ತದೆ, ಈ ಮೂರನ್ನು ತರುವುದಿಲ್ಲ. ಅದನ್ನು ನಾವೇ ಒದಗಿಸಬೇಕು.

ನಮ್ಮ ಸಂಘ ಏನು ಮಾಡಬಹುದು?

1. ಸಂಜೆ ಒಂದು ಗಂಟೆ ಯಾರಾದರೊಬ್ಬ ಸದಸ್ಯೆಯ ಜಗಲಿಯಲ್ಲಿ ಅಕ್ಕಪಕ್ಕದ ಮಕ್ಕಳನ್ನು ಕೂರಿಸಿ. ಪಿಯುಸಿ ಓದಿದ ಹುಡುಗಿಯೊಬ್ಬಳು ಇದ್ದರೆ ಸಾಕು. ಓದು ಬಾರದ ತಾಯಿಯೂ "ಜೋರಾಗಿ ಓದು ಮಗಾ, ನಾನು ಕೇಳ್ತೇನೆ" ಎನ್ನಬಹುದು.

2. 2020ರ ನವೆಂಬರ್‌ನಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯತ್ ಗ್ರಂಥಾಲಯದ ಸದಸ್ಯತ್ವ ಉಚಿತವಾಯಿತು. ನಿಮ್ಮ ಪಂಚಾಯತ್‌ನಲ್ಲಿ ವಿಚಾರಿಸಿ, ಮಕ್ಕಳನ್ನು ಕರೆದುಕೊಂಡು ಹೋಗಿ.

3. ಫೋನ್‌ಗೆ ಸಮಯ ಮತ್ತು ಜಾಗ ಗೊತ್ತುಮಾಡಿ. ಪಾಠಕ್ಕೆಂದು ಬಂದ ಫೋನ್ ಈಗ ಆಟ, ರೀಲ್ಸ್‌ಗೆ ತಿರುಗಿದೆ. ಮೂಲೆ ಕೋಣೆಯಲ್ಲಿ ಬೇಡ, ಎಲ್ಲರೂ ಓಡಾಡುವ ಕಡೆ ನೋಡಲಿ. ಮಲಗುವಾಗ ಫೋನ್ ಅಮ್ಮನ ಬಳಿ ಇರಲಿ. ದೊಡ್ಡವರೂ ಆ ಒಂದು ಗಂಟೆ ಟಿವಿ, ಫೋನ್ ಬದಿಗಿಡಬೇಕು.

4. ಮಗಳಿಗೂ ಮಗನಿಗೂ ಸಮಾನ ಸಮಯ ಕೊಡಿ. ಶಾಲೆ ಬಿಟ್ಟ ಹುಡುಗಿಯ ಮದುವೆ ಮಾತು ಕಿವಿಗೆ ಬಿದ್ದರೆ ಸುಮ್ಮನಿರಬೇಡಿ; ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಹತ್ತು ಹತ್ತು ರೂಪಾಯಿ ಕೂಡಿಸಿ ಸಾವಿರ ಮಾಡಿದವರು ನೀವು. ಮಕ್ಕಳ ಓದನ್ನೂ ಹಾಗೆಯೇ ದಿನಕ್ಕೊಂದು ಪುಟದಂತೆ ಕೂಡಿಸೋಣ.

ಮುಂದಿನ ಸಭೆಯಲ್ಲಿ ಚರ್ಚಿಸಿ: ನಮ್ಮ ಸಂಘದಲ್ಲಿ ಓದಲು ತಡವರಿಸುವ ಮಕ್ಕಳು ಎಷ್ಟು? ಸಂಜೆ ಯಾರ ಜಗಲಿಯಲ್ಲಿ ಸೇರೋಣ? ಯಾವತ್ತಿನಿಂದ?